ಗೌರಾಬಾಯಿಯ ಒಡಪಿಗೆ ಸಿಕ್ಕ ನರ್ತಕಿ

ಮಾರ್ತಾಂಡ ಕವಿಗಳಿಗೆ ಒಬ್ಬ ಗುಪ್ತ ಪ್ರೇಯಸಿ ಇದ್ದಳು ಎಂಬುದನ್ನು ಲೋಕಕ್ಕೆ ಮೊದಲು ತಿಳಿಸಿದವರು ನನ್ನ ಗಂಡ. ಕವಿಗಳು ತೀರಿಕೊಂಡು ಏಳು ವರ್ಷವಾಗಿತ್ತು, ಆದ್ದರಿಂದ ಅವರು ಎದ್ದು ಬಂದು ಅಲ್ಲಗಳೆಯುವ ಹಾಗಿರಲಿಲ್ಲ. ಅವರ ಹೆಂಡತಿ ಗೌರಾಬಾಯಿ ಮಾತ್ರ ಬದುಕಿದ್ದಳು. ಪುಣೆಯ ಸದಾಶಿವ ಪೇಠೆಯಲ್ಲಿ ನಾವು ಹತ್ತು ಬಿಡಾರದವರು ಬಾಡಿಗೆಗಿದ್ದ ವಾಡೆಯಲ್ಲೇ, ನಮ್ಮ ಅಡಿಗೆಮನೆಯ ಗೋಡೆಗೆ ಹತ್ತಿದ ಕೋಣೆಯಲ್ಲಿ ಇದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗಂಡನ ವಿಷಯ ಹೆಂಡತಿಗೇನು ಗೊತ್ತಿರುತ್ತದೆ ಪಾಪ!

ನನ್ನ ಗಂಡ ಪುಣೆಯ ಒಂದು ಕಾಲೇಜಿನಲ್ಲಿ ಕನ್ನಡದ ಪ್ರೊಫೆಸರು. ಹೆಸರು ನಾನು ಬರೆಯುವುದಿಲ್ಲ. ಸಿನಿಮಾದ ಪರದೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬಂದುಹೋಗಿದೆ, ನೋಡಬೇಕಾದವರು ನೋಡಿದ್ದಾರೆ. ಇಲ್ಲಿ ಅವರು ಪ್ರೊಫೆಸರು, ಅಷ್ಟು ಸಾಕು. ನಾನು ಬರೆಯಹೊರಟದ್ದು ಗೌರಾಬಾಯಿಯ ಕತೆ.

ಅವಳು ನವಲಗುಂದದ ಕಡೆಯ ಹುಡುಗಿ. ಹನ್ನೊಂದಕ್ಕೆ ಮದುವೆ, ಹದಿಮೂರಕ್ಕೆ ಪುಣೆ. ಗಂಡ ಲಷ್ಕರದ ಕಚೇರಿಯಲ್ಲಿ ಕಾರಕೂನ. ಹಗಲೆಲ್ಲ ಇಂಗ್ರಜಿ ಸರಕಾರದ ಕುದುರೆಗಳಿಗೆ ಎಷ್ಟು ಹುಲ್ಲು ಬೇಕೆಂದು ಬರೆಯುವುದು, ಸಂಜೆ ಮನೆಗೆ ಬಂದು ಕನ್ನಡ ನಾಡಿನ ಮಲಗಿದ ಸಿಂಹಗಳನ್ನು ಪದ್ಯದಲ್ಲಿ ಎಬ್ಬಿಸುವುದು. ಸಿಂಹಗಳು ಎದ್ದವೋ ಇಲ್ಲವೋ, ಶಾಲೆಯ ಹುಡುಗರು ಆ ಪದ್ಯಗಳನ್ನು ಬಾಯಿಪಾಠ ಮಾಡಲಾರದೆ ಛಡಿ ಏಟು ತಿಂದರು. ಹೀಗೆ ಅವರು ದೊಡ್ಡ ಕವಿಗಳಾದರು. ಧಾರವಾಡದಿಂದ ಶಾಲು ಬಂತು. ಮನೆಯಲ್ಲಿ ಮಾತ್ರ ತಾಯಿ ಗಂಗೂಬಾಯಿಯ ಎದುರು ಆ ಸಿಂಹ ಬಾಲ ಮುದುರಿಕೊಂಡೇ ಇರುತ್ತಿತ್ತು.

ಗೌರಾಬಾಯಿ ಬಂದ ಮೊದಲ ಚೈತ್ರದಲ್ಲಿ, ವಾಡೆಯ ಒಡತಿ ಕೃಷ್ಣಾಬಾಯಿಯ ಮನೆಯಲ್ಲಿ ಗೌರಿಯನ್ನು ತೊಟ್ಟಿಲಲ್ಲಿ ಕೂರಿಸಿ ಅರಿಷಿಣ-ಕುಂಕುಮಕ್ಕೆ ಕರೆದಿದ್ದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಆದರೆ ಇಂಥ ಕಡೆ ಹಿರಿಯರು ಕೇಳಿದರೆ ಹೇಳಲೇಬೇಕು, ಅದೂ ಪ್ರಾಸ ಕಟ್ಟಿ, ಹೆಸರಿಗೆ 'ರಾಯರು' ಸೇರಿಸಿ. ಅದೇ ಒಡಪು. ಮರಾಠಿ ಹೆಂಗಸರು ಉಖಾಣೆ ಅನ್ನುತ್ತಾರೆ. ಹೆಚ್ಚಿನವರು ಅಜ್ಜಿಯಿಂದ ಬಂದ ಒಂದೇ ಒಡಪನ್ನು ಹೆಸರು ಬದಲಿಸಿ ಜೀವಮಾನವೆಲ್ಲ ತಳ್ಳುತ್ತಾರೆ. ಗೌರಾಬಾಯಿಗೆ ಅದೂ ಬರುತ್ತಿರಲಿಲ್ಲ. ಮೂವತ್ತು ಜನ ಮುತ್ತೈದೆಯರು ಮುಖ ನೋಡುತ್ತಿದ್ದಾರೆ, ಹಿಂದೆ ಕೂತ ಅತ್ತೆ ಬೆನ್ನು ಚಿವುಟುತ್ತಿದ್ದಾಳೆ. ಆಗ ಹುಡುಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು:

"ಅಂಗಳದಾಗ ತುಳಸಿ, ತುಳಸಿಗೆ ಐದು ಸುತ್ತು,
ಮಾರ್ತಾಂಡರಾಯರು ಮಾತಾಡಿದರ ಉದುರತಾವ ಮುತ್ತು,
ಆರಿಸಲಿಕ್ಕೆ ನನಗೆಲ್ಲಿ ಹೊತ್ತು?"

ಕೃಷ್ಣಾಬಾಯಿ ಎಪ್ಪತ್ತು ದಾಟಿದ ಮೇಲೂ ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೊರಗಿನ ಪಡಸಾಲೆಯಲ್ಲಿ ಗಂಡಸರ ಜೊತೆ ಕೂತಿದ್ದ ಮಾರ್ತಾಂಡರಾಯರಿಗೂ ಕೇಳಿಸಿತು. ಅವರು ಮನೆಗೆ ಹೋಗಿ ಒಂದು ವಹಿಯಲ್ಲಿ ಬರೆದಿಟ್ಟುಕೊಂಡರು.

ಆ ಕಾಲದ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಹಗಲು ಮಾತಾಡುವಂತಿರಲಿಲ್ಲ. ನೀರು ಬೇಕಾದರೆ ಗಂಡ ಕಂಬಕ್ಕೆ ಹೇಳಬೇಕು, ಕಂಬದಿಂದ ಹೆಂಡತಿ ಕೇಳಿಸಿಕೊಳ್ಳಬೇಕು. ಗೌರಾಬಾಯಿ ಗಂಡನಿಗೆ ಏನಾದರೂ ಬಾಯಿಬಿಟ್ಟು ಹೇಳಬಹುದಾಗಿದ್ದದ್ದು ವರ್ಷಕ್ಕೆ ನಾಲ್ಕೈದು ಸಲ, ಮೂವತ್ತು ಹೆಂಗಸರ ಎದುರಿಗೆ, ಒಡಪಿನ ನೆಪದಲ್ಲಿ. ಅವಳು ಅದನ್ನು ಬಿಡಲಿಲ್ಲ. ಬೈದಳು, ಚೇಷ್ಟೆ ಮಾಡಿದಳು, ಕೇಳಬಾರದ್ದನ್ನೂ ಕೇಳಿದಳು:

"ಹೊರಗಿನ ಕೋಣ್ಯಾಗ ದೀಪ, ಒಳಗಿನ ಕೋಣ್ಯಾಗ ಕತ್ತಲಿ,
ಮಾರ್ತಾಂಡರಾಯರು ಕರದರ ಬರತೀನಿ, ಅತ್ತಿ ಇದ್ದರ ಹೆಂಗ ಬರಲಿ?"

ಗಂಗೂಬಾಯಿ ಎಂಟು ದಿನ ಮಾತು ಬಿಟ್ಟಳಂತೆ. ಮಾರ್ತಾಂಡರಾಯರು ಎಲ್ಲ ಅರಿಷಿಣ-ಕುಂಕುಮಕ್ಕೂ ತಪ್ಪದೆ ಹೊರಗೆ ಬಂದು ಕೂರುತ್ತಿದ್ದರು. ಉಳಿದ ಗಂಡಸರು ಕೋಸಂಬರಿಗೆ ಬರುತ್ತಿದ್ದರು, ಅವರು ವಹಿ ಹಿಡಿದು ಬರುತ್ತಿದ್ದರು. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಮಕ್ಕಳಾಗಲಿಲ್ಲ. ಗಂಗೂಬಾಯಿ ತೀರಿಕೊಂಡಳು. ಇನ್ನು ಹಗಲೂ ಮಾತಾಡಬಹುದು ಅನ್ನುವಷ್ಟರಲ್ಲಿ, ಮೂವತ್ತೊಂದನೇ ಇಸವಿಯ ಚೈತ್ರದಲ್ಲಿ ಮಾರ್ತಾಂಡರಾಯರು ವಿಷಮಜ್ವರದಲ್ಲಿ ಮಲಗಿದರು. ಆ ವರ್ಷವೂ ತಮ್ಮ ಮನೆಯ ಗೌರಿಯನ್ನು ಬಿಡಬಾರದೆಂದು ಹಟ ಹಿಡಿದು, ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡು ಒಡಪು ಕೇಳಿದರು. ಎರಡು ಸಾಲು ಬರೆದರು. ಕೈ ಮುಂದೆ ಹೋಗಲಿಲ್ಲ. ನಾಲ್ಕನೇ ದಿನ ಹೋದರು.

ಆ ಕಡೆಯ ಒಡಪನ್ನು ಅವತ್ತು ಕೇಳಿದ ಹೆಂಗಸರು ಮತ್ತೆ ಯಾರೂ ಬಾಯಲ್ಲಿ ತರಲಿಲ್ಲ, ಅಪಶಕುನವೆಂದು. ಗೌರಾಬಾಯಿಗೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಒಡಪು ಮುತ್ತೈದೆಯರದು, ಇನ್ನು ಅವಳು ಗಂಡನ ಹೆಸರನ್ನು ಒಡಪಿನಲ್ಲೂ ಹೇಳುವಂತಿರಲಿಲ್ಲ, ಬರೀ ಬಾಯಲ್ಲೂ ಹೇಳುವಂತಿರಲಿಲ್ಲ. ಹೊಟ್ಟೆಪಾಡಿಗೆ ಮನೆಮನೆಯ ಹಬ್ಬದ ಅಡಿಗೆಗೆ ಹೋಗತೊಡಗಿದಳು. ಅರಿಷಿಣ-ಕುಂಕುಮದ ಪಾನಕ, ಕೋಸಂಬರಿ ಅವಳೇ ಮಾಡಬೇಕು, ಮುತ್ತೈದೆಯರು ಕೂತಲ್ಲಿಗೆ ಮಾತ್ರ ಬರಬಾರದು. ಕೈ ನಡೆಯುತ್ತದೆ, ಮುಖ ನಡೆಯುವುದಿಲ್ಲ. ನಮ್ಮ ಧರ್ಮಕ್ಕೆ ಎಷ್ಟು ರುಚಿಜ್ಞಾನ ನೋಡಿ.

ನಾನು ಮದುವೆಯಾಗಿ ಆ ವಾಡೆಗೆ ಬಂದದ್ದು ಮೂವತ್ಮೂರರಲ್ಲಿ. ಗೌರಾಬಾಯಿಯನ್ನು ನಾನು ಗೌರಾಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ನನಗೆ ಕಟ್ಟಿನ ಸಾರು ಕಲಿಸಿದವಳು ಅವಳೇ. ಒಂದು ದಿನ ಅವಳು ಆ ಹಳೆಯ ವಹಿಯನ್ನು ಸೆರಗಿನಲ್ಲಿ ಸುತ್ತಿ ತಂದು ಪ್ರೊಫೆಸರ ಕೈಗೆ ಕೊಟ್ಟಳು. "ಇಲಿ ತಿಂದಾವು. ಪುಸ್ತಕ ಮಾಡಿದರ ಉಳದೀತು," ಎಂದಳು. ಅವಳಿಗೆ ಓದು ಬರಹ ಇಲ್ಲ. ಒಳಗೆ ಏನಿದೆ ಎಂದು ಹೇಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಒಡಪನ್ನು ನೋಡಿದರೆ ಒಡಪೆಂದು ಯಾರಿಗಾದರೂ ತಿಳಿಯದೇ?

ಪ್ರೊಫೆಸರಿಗೆ ತಿಳಿಯಲಿಲ್ಲ. ಅವರ ತಾಯಿ, ಅಜ್ಜಿ, ಅತ್ತೆ, ಹೆಂಡತಿ ಎಲ್ಲರೂ ಅವರ ಕಿವಿಯ ಬುಡದಲ್ಲೇ ಒಡಪು ಹೇಳಿದವರು. ಆದರೆ ಅದು ಹೆಂಗಸರ ಗದ್ದಲ, ಇದು ಕವಿಯ ಕೈಬರಹ. ಎರಡೂ ಒಂದೇ ಆಗುವುದು ಹೇಗೆ? ಶುದ್ಧ ಪ್ರತಿ ಮಾಡಿಕೊಟ್ಟವಳು ನಾನು. ಅವರು ಕೆಂಪು ಮಸಿ ಹಿಡಿದು ಕೂತು ಪ್ರತಿಯೊಂದು 'ರಾಯರು' ಶಬ್ದವನ್ನೂ ಹೊಡೆದುಹಾಕಿದರು.

"ಅಯ್ಯ, ಅದ್ಯಾಕ ಹೊಡೀತೀರಿ?" ಎಂದೆ.

"ಮಾರ್ತಾಂಡ ಅನ್ನೋದು ಅಂಕಿತ. ಪದ್ಯದ ಕಡೀಗೆ ಕವಿ ತನ್ನ ಹೆಸರು ಹಾಕತಾನ. ತನಗ ತಾನ ರಾಯರು ಅಂತ ಹಚ್ಚಿಕೊಳ್ಳತಾನೇನು?"

"ಇವು ಒಡಪು ಕಾಣಸ್ತಾವ್ರಿ. ಗೌರಾಕಾಕು ಹೇಳಿದ್ದು ಇರಬೇಕು. ಕೃಷ್ಣಾಬಾಯಿ ಹೇಳತಿದ್ದರು..."

"ಇಂದೂ, ಸಾಹಿತ್ಯದ ವಿಷಯದಾಗ ಬಾಯಿ ಹಾಕಬ್ಯಾಡ. ಚಹಾ ಮಾಡು."

ಚಹಾ ಮಾಡಿದೆ. ಅದು ನನ್ನ ತಪ್ಪು, ಬರೆದಿಡುತ್ತೇನೆ.

'ರಾಯರು' ಹೋದ ಮೇಲೆ ಪ್ರೊಫೆಸರ ಸಂಶೋಧನೆ ಇಳಿಜಾರಿನ ಗಾಡಿಯ ಹಾಗೆ ಓಡಿತು. ಮುನ್ನುಡಿಯಲ್ಲಿ ಹೀಗೆ ಬರೆದರು: ಈ ಗೀತೆಗಳಲ್ಲಿ ಒಬ್ಬ ಹೆಣ್ಣು ಕವಿಯನ್ನು ಬರಿಯ ಹೆಸರಿನಿಂದ ಕರೆಯುತ್ತಾಳೆ. ಗಂಡನ ಹೆಸರನ್ನು ಬಾಯಲ್ಲಿ ತರುವ ಹೆಂಡತಿ ನಮ್ಮ ಸಮಾಜದಲ್ಲಿಲ್ಲ. ಆದ್ದರಿಂದ ಆಕೆ ಹೆಂಡತಿಯಲ್ಲ. ಹೆಂಡತಿಯಲ್ಲವಾದ್ದರಿಂದ ಪ್ರೇಯಸಿ. ಹೊರಗಿನ ಕೋಣೆಯಲ್ಲಿ ದೀಪ ಹಚ್ಚಿಟ್ಟು ಕರೆಗೆ ಕಾಯುವವಳಾದ್ದರಿಂದ ನರ್ತಕಿ. 'ಅತ್ತೆ' ಎಂದರೆ ಇಲ್ಲಿ ಸಮಾಜ. ಗಂಗೂಬಾಯಿ ಬದುಕಿದ್ದರೆ ಇದೊಂದನ್ನು ಸರಿಯೆಂದು ಒಪ್ಪುತ್ತಿದ್ದಳೋ ಏನೋ. ಪುಸ್ತಕ ಬಂತು, ಹೆಸರು ಬಂತು, ಸಿಂಹ ಎಬ್ಬಿಸುವ ಕವಿಗೆ ಇಂಥ ಎದೆಯೂ ಇತ್ತೇ ಎಂದು ಮೂರು ಊರುಗಳಲ್ಲಿ ಭಾಷಣಗಳಾದವು. ಗೌರಾಬಾಯಿ ಒಂದು ಪ್ರತಿಯನ್ನು ದೇವರ ಹತ್ತಿರ ಇಟ್ಟು ದಿನಾ ಹೂ ಏರಿಸಿದಳು. ಒಳಗೆ ಏನು ಬರೆದಿದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರು ವರ್ಷದ ಮೇಲೆ ಲೋಕನಾಥರು ಬಂದರು. ಅವರು ದಕ್ಷಿಣ ಕನ್ನಡದವರು. ಪುಣೆಯಲ್ಲಿ ಎರಡು ಹೊಟೇಲು ಚೆನ್ನಾಗಿ ನಡೆಸುತ್ತಿದ್ದರು, ಆದ್ದರಿಂದ ಸಿನಿಮಾನೂ ನಡೆಸಬಹುದು ಎಂದು ಅವರಿಗೆ ಯಾರೋ ಹೇಳಿದ್ದರು. ಸ್ಟುಡಿಯೋ ಬಾಡಿಗೆಗೆ ಹಿಡಿದು ಕನ್ನಡದ ಮಾತಿನ ಚಿತ್ರ. ಹೆಸರು 'ಕವಿಕಾಮಿನಿ'. ಕತೆ ಪ್ರೊಫೆಸರದು. ನರ್ತಕಿಗೆ ಉಮಾವತಿ ಎಂಬ ಚೆಲುವೆ ಗೊತ್ತಾದಳು. ಚಿತ್ರದಲ್ಲಿ ಹೆಂಡತಿಯೂ ಇದ್ದಳು: ಚಪಾತಿಯ ಲತ್ತುಗುಣಿ ಹಿಡಿದು ಗಂಡನನ್ನು ಅಟ್ಟುವುದು, ಅವನ ಪದ್ಯಗಳನ್ನು ಒಲೆಗೆ ಹಾಕುವುದು ಅವಳ ಕೆಲಸ.

ಸುದ್ದಿ ಪತ್ರಿಕೆಯಲ್ಲಿ ಬಂದು, ನಳದ ಕಟ್ಟೆಯಲ್ಲಿ ಯಾರೋ ಗಟ್ಟಿಯಾಗಿ ಓದಿದರು. ಗೌರಾಬಾಯಿ ಕೊಡ ಅಲ್ಲೇ ಬಿಟ್ಟು ಬಂದಳು. ದೇವರ ಹತ್ತಿರ ಇದ್ದ ಪುಸ್ತಕ ತಂದು ನನ್ನ ಮುಂದೆ ಇಟ್ಟಳು.

"ಓದು."

ಓದಿದೆ. ಮುನ್ನುಡಿಯನ್ನೂ ಓದಿದೆ. ನರ್ತಕಿ ಬಂದಾಗ ಅವಳು ಸುಮ್ಮನಿದ್ದಳು. ಒಡಪುಗಳಿಗೆ ಬಂದಾಗ ತಡೆದಳು.

"ರಾಯರು ಎಲ್ಲಿ?"

"ಹೊಡದು ಹಾಕ್ಯಾರ."

"ಅವರನ್ನ ನಾ ಏಕವಚನದಾಗ ಕರದೇನೇನು ಇಂದೂ? ಒಂದು ದಿನಾರ ಕರದೇನೇನು?" ಎಂದಳು. ಮುಖ ಕೆಂಪಗಾಗಿತ್ತು. ಆಮೇಲೆ, "ನನ್ನ ಕಡೆ ಮಕ್ಕಳಿಲ್ಲ, ಬಂಗಾರಿಲ್ಲ. ಇಷ್ಟು ಮಾತು ಇದ್ದವು. ಇವನ್ನ ಆ ನರ್ತಕಿಗೆ ಕೊಡಬ್ಯಾಡ್ರಿ ಅಂತ ನಿಮ್ಮವರಿಗೆ ಹೇಳು. ಇವು ನನ್ನವು ಅಂತ ಅವರ ಬಾಯಿಲೆ ಬರಬೇಕು," ಎಂದಳು.

ನಾನು ಹೇಳಿದೆ. ಪ್ರೊಫೆಸರು ಕನ್ನಡಕ ಒರೆಸಿಕೊಂಡು, "ಪಾಪ, ಹೊಟ್ಟೆಕಿಚ್ಚು. ಸ್ವಾಭಾವಿಕ," ಎಂದರು.

ಕೊನೆಗೆ ನಾವಿಬ್ಬರೇ ಟಾಂಗಾ ಮಾಡಿಕೊಂಡು ಸ್ಟುಡಿಯೋಕ್ಕೆ ಹೋದೆವು. ಅಲ್ಲಿ ನರ್ತಕಿಯ ಮನೆ ಎದ್ದು ನಿಂತಿತ್ತು. ಹೊರಗಿನ ಕೋಣೆಯಲ್ಲಿ ದೊಡ್ಡ ದೀಪ, ಕೆಳಗೆ ಉಮಾವತಿ ಗೆಜ್ಜೆ ಕಟ್ಟಿಕೊಂಡು ಕೂತಿದ್ದಳು. ಬೋಳುತಲೆಗೆ ಕೆಂಪು ಸೆರಗು ಹೊದ್ದ ಹೆಂಗಸನ್ನು ಕಂಡದ್ದೇ ಕ್ಯಾಮೆರಾದವನು ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದ. ಮಾರ್ತಾಂಡ ಕವಿಯ ವೇಷದಲ್ಲಿದ್ದ ನಟ ಕಂಬದ ಹಿಂದೆ ಸರಿದ. ಹೊಸ ಚಿತ್ರಕ್ಕೆ ವಿಧವೆಯ ದೃಷ್ಟಿ ಬೀಳಬಾರದಂತೆ. ಸತ್ತ ಗಂಡನನ್ನು ಮಾರಬಹುದು, ಹೆಂಡತಿ ಎದುರು ಬರಬಾರದು. ನಮ್ಮನ್ನು ಬಡಗಿಗಳ ಚಪ್ಪರದ ಹಿಂದೆ ಕೂರಿಸಿದರು. ಲೋಕನಾಥರು ಒಳ್ಳೆಯ ಮನುಷ್ಯರು, ತಾವೇ ಕಾಫಿ ಹಿಡಿದು ಬಂದರು. ಗೌರಾಬಾಯಿ ಮುಟ್ಟಲಿಲ್ಲ. ಕತೆಗಾರರೆಂದು ಅಲ್ಲೇ ಇದ್ದ ಪ್ರೊಫೆಸರೂ ಧಾವಿಸಿ ಬಂದರು.

"ಇವು ನನ್ನ ಒಡಪು," ಎಂದಳು ಗೌರಾಬಾಯಿ. "ನಾ ಹೇಳಿದ್ದನ್ನ ಅವರು ಬರಕೊಂಡಾರ. ಚಿತ್ರದಾಗ ಹಂಗ ತೋರಸ್ರಿ. ಮತ್ತೇನೂ ಬ್ಯಾಡ."

ಲೋಕನಾಥರು ಕೈ ಮುಗಿದರು. "ನೀವು ಹೇಳುವುದು ಸತ್ಯವೇ ಇರಬಹುದು ಅಮ್ಮಾ. ಆದ್ರೆ ಹೆಂಡತಿ ಮೇಲಿನ ಪ್ರೀತಿ ನೋಡ್ಲಿಕ್ಕೆ ಜನ ಟಿಕೆಟ್ ತಗೊಂಡು ಯಾಕೆ ಬರ್ತಾರೆ ಮಾರಾಯ್ರೇ? ಅದು ಅವರವರ ಮನೆಯಲ್ಲೇ ಉಂಟಲ್ಲ?"

"ಎಲ್ಲಾರ ಮನ್ಯಾಗೂ ಇರೂದಿಲ್ಲರಿ," ಎಂದೆ ನಾನು. ಪ್ರೊಫೆಸರು ನನ್ನ ಕಡೆ ನೋಡಿದ ನೋಟಕ್ಕೆ ಕಾಫಿ ಆರಿಹೋಗಬೇಕಿತ್ತು.

"ಬರ್ರಿ, ಶಾಸ್ತ್ರೀಯವಾಗಿ ಪರೀಕ್ಷಾ ಮಾಡೋಣ," ಎಂದು ಅವರು ಪುಸ್ತಕ ತೆಗೆದರು. "ಇಲ್ಲಿ ಒಂದು ಅಪೂರ್ಣ ಗೀತೆ ಅದ. 'ಚೈತ್ರದ ಗೌರಿಗೆ ತೂಗತೀನಿ ತೊಟ್ಟಿಲ, ಕೋಸಂಬರಿ ತುಂಬೀನಿ ಬೆಳ್ಳಿಯ ಬಟ್ಟಲ.' ಮುಂದಿಂದು ಜಗತ್ತಿನಾಗ ಯಾರಿಗೂ ಗೊತ್ತಿಲ್ಲ. ನಿಮ್ಮದಾಗಿದ್ದರ ಪೂರ್ತಿ ಮಾಡ್ರಿ."

ಅಷ್ಟರಲ್ಲಿ ಬಡಗಿಗಳು, ಬಣ್ಣದವರು, ಹಾರ್ಮೋನಿಯಂದವರು ಎಲ್ಲ ಸುತ್ತ ಸೇರಿದ್ದರು. ಉಮಾವತಿಯೂ ಗೆಜ್ಜೆ ಸದ್ದಾಗದಂತೆ ಬಂದು ನಿಂತಳು. ಗೌರಾಬಾಯಿ ನೆಲ ನೋಡುತ್ತ ಹೇಳಿದಳು:

"ಬ್ಯಾಸಿಗಿ ಹೋದೀತು, ಮಳಿಗಾಲ ಬಂದೀತು, ಒಂದಿಷ್ಟು ತಡೀರಿ..."

ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು.

"ಆಮೇಲೆ ಅಮ್ಮಾ?" ಎಂದಳು ಉಮಾವತಿ ಮೆಲ್ಲಗೆ.

ಆಮೇಲೆ ಹೆಸರು. ಮುಂದಿನ ಸಾಲು ಶುರುವಾಗುವುದೇ ಗಂಡನ ಹೆಸರಿನಿಂದ ಎಂದು ನನಗೆ ಗೊತ್ತಾಯಿತು. ವಿಧವೆ, ಅದೂ ಇಪ್ಪತ್ತು ಜನ ಪರಗಂಡಸರ ಎದುರಿಗೆ. ಅವಳ ತುಟಿ ಎರಡು ಸಲ ಅಲ್ಲಾಡಿತು, ದನಿ ಬರಲಿಲ್ಲ.

ಪ್ರೊಫೆಸರು ತೊಡೆ ತಟ್ಟಿದರು. "ನೋಡಿದ್ರಾ? ಮೂರನೇ ಸಾಲು ಗಂಡ ಗುಣುಗೂದು ಕೇಳಿ ನೆನಪಿಟ್ಟಾರ. ನಾಲ್ಕನೇದು ಕೇಳಿಲ್ಲ. ತಮ್ಮದಾಗಿದ್ದರ ಗೊತ್ತಿರತಿತ್ತು!"

"ಹಂಗಲ್ಲರಿ, ಅವರು ಹೆಸರು..." ಎಂದು ನಾನು ಶುರು ಮಾಡಿದೆ.

"ಇಂದೂ," ಎಂದರು ಅವರು, ಒಂದೇ ಸಲ. ನಾನು ಸುಮ್ಮನಾದೆ. ಎರಡನೇ ಸಲವೂ ಸುಮ್ಮನಾದೆ. ಅವರು ಜೇಬಿನಿಂದ ಪುಸ್ತಿಕೆ ತೆಗೆದು ಆ ಮೂರನೇ ಸಾಲನ್ನು ಬರೆದುಕೊಂಡರು. ಮರಳಿ ಬರುವಾಗ ಟಾಂಗಾದಲ್ಲಿ ಗೌರಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ನಲವತ್ತೆರಡರ ಶುರುವಿನಲ್ಲಿ ಚಿತ್ರ ಬಂತು. ಹೊರಗೆ ಯುದ್ಧ, ಒಳಗೆ ಕವಿಕಾಮಿನಿ. ಆ ಅಪೂರ್ಣ ಹಾಡಿಗೆ ಪ್ರೊಫೆಸರು ಕಟ್ಟಿದ ನಾಲ್ಕನೇ ಸಾಲು ಇದು: "ಮಾರ್ತಾಂಡ, ಪ್ರೇಮಗಗನದ ಆರದ ಕಿಡಿ." ಕಿಡಿ ಯಾಕೆ, ಗಗನದಲ್ಲಿ ಹೇಗೆ, ತೊಟ್ಟಿಲಿಗೂ ಕೋಸಂಬರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದವರಿಲ್ಲ. 'ರಾಯರು' ಹೋಗಿ ಖಾಲಿಬಿದ್ದ ಜಾಗ ತುಂಬಲು ಉಮಾವತಿ ಪಾಪ "ಮಾರ್ತಾ ಆ ಆ ಆಂಡ" ಎಂದು ಉಸಿರು ಕಟ್ಟಿ ಎಳೆಯಬೇಕಾಯಿತು. ಪರದೆಯ ಮೇಲೆ ಬಂತು: ಅಪೂರ್ಣ ಗೀತೆಯನ್ನು ಪೂರ್ಣಗೊಳಿಸಿದವರು ಪ್ರೊಫೆಸರ್ ಇಂಥವರು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡನ ಕುತ್ತಿಗೆ ಎರಡಂಗುಲ ಉದ್ದವಾಯಿತು.

ಗೌರಾಬಾಯಿ ನೋಡಲು ಬರಲಿಲ್ಲ. ನೋಡಿದವರೆಲ್ಲ ಅವಳನ್ನು ನೋಡಲು ಬಂದರು. ನಳದ ಕಟ್ಟೆಯಲ್ಲಿ ಒಬ್ಬಳು, "ಪದ್ಯ ಸುಟ್ಟ ಕೈ ಇದ ಏನ್ರಿ?" ಎಂದು ಕೇಳಿಯೇಬಿಟ್ಟಳು. ಕವಿಗೆ ನೆಮ್ಮದಿಯ ತುತ್ತು ಹಾಕದವಳು ನಮ್ಮ ಹಬ್ಬಕ್ಕೆ ಬೇಡ ಎಂದು ಎರಡು ಮನೆಯವರು ಅಡಿಗೆ ಬಿಡಿಸಿದರು. ಅವಳು ಬೇಳೆ ನೆನೆಹಾಕುವುದು, ಮಾವಿನಕಾಯಿ ಹೆರೆಯುವುದು, ಅದನ್ನೇ ಮಾಡುತ್ತಿದ್ದಳು.

ಆ ಚೈತ್ರದಲ್ಲಿ ಅರಿಷಿಣ-ಕುಂಕುಮ ನಮ್ಮ ಮನೆಯಲ್ಲಿತ್ತು. ಅಡಿಗೆಗೆ ಗೌರಾಬಾಯಿಯೇ ಬೇಕೆಂದು ನಾನು ಹಟ ಮಾಡಿದ್ದೆ. ಒಡಪಿನ ಹೊತ್ತು ಬಂತು. ಮೊದಲು ಕೂತಿದ್ದ ಕುಸುಮ ಎಂಬ ಹೊಸ ಮದುಮಗಳು ಸಿನಿಮಾದ ಹಾಡನ್ನೇ ಎತ್ತಿಕೊಂಡಳು. ತೊಟ್ಟಿಲ, ಬಟ್ಟಲ, ಒಂದಿಷ್ಟು ತಡೀರಿ. ಆಮೇಲೆ ಪ್ರೊಫೆಸರ ಕಿಡಿಯನ್ನು ಅತ್ತ ಒಗೆದು ಹೇಳಿದಳು:

"ಪ್ರಲ್ಹಾದರಾಯರೇ, ಸೀರಿ ತಂದೀರಿ, ಕುಪ್ಪಸ ಮರತೀರಿ!"

ಹೆಂಗಸರು ಹೋ ಎಂದು ನಕ್ಕರು. ಹಾಡು ತಟ್ಟನೆ ತಾಳಕ್ಕೆ ಕೂತಿತ್ತು. ಅವಳ ನಂತರದವಳೂ ಅದನ್ನೇ ಹೇಳಿದಳು, ಅವಳ ನಂತರದವಳೂ, ತಮ್ಮ ತಮ್ಮ ರಾಯರನ್ನು ಹಾಕಿ. ಪುಸ್ತಕ ಓದಿದವರಿಗೆ ನಾಲ್ಕು ವರ್ಷದಲ್ಲಿ ತಿಳಿಯದ್ದು ಈ ಹೆಂಗಸರಿಗೆ ಯೋಚನೆಯೂ ಇಲ್ಲದೆ ಗೊತ್ತಾಗಿತ್ತು. ಹಾಡು ಯಾರದೆಂದು ಮಾತ್ರ ಅವರಿಗೂ ಬೇಕಾಗಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ನನ್ನ ಸರದಿ ಬಂತು.

"ಈ ಒಡಪಿನಾಗ ನಮ್ಮವರ ಹೆಸರು ನಾ ಹಾಕೂದಿಲ್ಲರಿ," ಎಂದೆ ಗಟ್ಟಿಯಾಗಿ, ಪಡಸಾಲೆಯಲ್ಲಿ ಗೆಳೆಯರ ಜೊತೆ ಕೂತವರಿಗೆ ಕೇಳಲೆಂದೇ. "ಅವರು ಒಮ್ಮೆ ತಾವ ಹಾಕ್ಕೊಂಡಾರ. ಇದು ಗೌರಾಕಾಕುಂದು. ವಹಿಯಾಗಿದ್ದದ್ದೆಲ್ಲಾ ಗೌರಾಕಾಕುಂದು. ನಾನ ನಕಲು ಮಾಡೀನಿ, ನನಗೆ ಗೊತ್ತದ."

ಪಡಸಾಲೆಯ ಮಾತು ನಿಂತಿತು. ಕೃಷ್ಣಾಬಾಯಿ ತಲೆ ತಗ್ಗಿಸಿದಳು. ಮೂವತ್ತೊಂದರಲ್ಲಿ ಆ ಕಡೆಯ ಒಡಪು ಕೇಳಿದವರ ಪೈಕಿ ಅಲ್ಲಿದ್ದವಳು ಅವಳೊಬ್ಬಳೇ.

ಗೌರಾಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಕೈಯಲ್ಲಿ ಬೇಳೆ ಮೆತ್ತಿತ್ತು. ಯಾರ ಮುಖವನ್ನೂ ನೋಡದೆ, ಹಾಡದೆ, ಮನೆಯವರ ಹತ್ತಿರ ಮಾತಾಡುವ ದನಿಯಲ್ಲಿ ಮೊದಲ ಮೂರು ಸಾಲು ಹೇಳಿದಳು. ನಾಲ್ಕನೆಯದರ ಮುಂದೆ ಈ ಸಲ ನಿಲ್ಲಲಿಲ್ಲ.

"ಮಾರ್ತಾಂಡರಾಯರೇ, ನನ್ನ ಬಿಟ್ಟು ಒಬ್ಬರ ಹೋಗಬ್ಯಾಡ್ರಿ."

ಯಾರೂ ಅಪಶಕುನ ಎನ್ನಲಿಲ್ಲ. ಕುಸುಮ ಬಾಯಿಗೆ ಸೆರಗು ಹಿಡಿದಳು. ಆಗ ಪಡಸಾಲೆಯಿಂದ ನನ್ನ ಗಂಡನ ದನಿ ಬಂತು.

"ಇಂದೂ, ಆ ಕಡೀ ಸಾಲು ಇನ್ನೊಮ್ಮೆ ಹೇಳಸು. ಎರಡನೇ ಆವೃತ್ತಿಗೆ ಬೇಕಾಗತದ."

ನಾನು ಎದ್ದು ಹೋಗಿ ನಡುವಿನ ಬಾಗಿಲು ಹಾಕಿ ಅಗಳಿ ಜಡಿದೆ.